ನಮ್ಮ ಮಣೂಕದ ಹಿಂದೆ ಸಾಂಗಲಿಗೆ

ಸಾಂಗಲಿಗೆ ಬಂದ ವಾರದಲ್ಲೇ ಒಣದ್ರಾಕ್ಷಿಯ ಹರಾಜು ನೋಡಲು ಹೋದೆ. ಕೊಳ್ಳುವವರು ಮುಷ್ಟಿಗಟ್ಟಲೆ ತೆಗೆದು ನೋಡಿ, ನೆಲಕ್ಕೆ ಚೆಲ್ಲಿ ಮುಂದೆ ನಡೆಯುತ್ತಿದ್ದರು. ನಮ್ಮೂರು ತಿಕೋಟಾದಲ್ಲಿ ಒಂದು ಮಣೂಕ ಬಿದ್ದರೂ ಎತ್ತಿ ಕಣ್ಣಿಗೊತ್ತಿಕೊಳ್ಳುವ ನಾನು, ತುಳಿಯದೆ ನಡೆಯಲು ಜಾಗ ಕಾಣದೆ ಬಾಗಿಲಲ್ಲೇ ನಿಂತೆ. ಒಣದ್ರಾಕ್ಷಿಗೆ ನಮ್ಮಲ್ಲಿ ಮಣೂಕ, ಇಲ್ಲಿ ಬೇದಾಣಾ ಎನ್ನುತ್ತಾರೆ. ಚೆಲ್ಲಿದ್ದರಲ್ಲಿ ಎಷ್ಟೋ ನಮ್ಮ ಕಡೆಯದೇ.

ಹೆಂಡತಿ ತೀರಿಕೊಂಡ ಮೇಲೆ ಮಗಳು ಇಲ್ಲಿನ ತನ್ನ ಮನೆಗೆ ಕರೆತಂದಳು. ಮೂರನೆಯ ಮಹಡಿ, ಕೂರಲು ಕಟ್ಟೆಯಿಲ್ಲ. ಮೆಟ್ಟಿಲಲ್ಲಿ ಎದುರಾದವರು ಮರಾಠಿಯಲ್ಲಿ ಏನೋ ಕೇಳುತ್ತಾರೆ, ನಾನು ತಲೆಯಾಡಿಸುತ್ತೇನೆ. ಈಗೀಗ ಹಾಲಿನವನ ಜೊತೆ ಜಗಳವಾಡುವಷ್ಟು ಮಾತು ಬಂದಿದೆ.

ಓಣಿಯ ಕೊನೆಯಲ್ಲಿ ಮಣೂಕದಲ್ಲಿ ಒಳ್ಳೆಯದನ್ನು ಆರಿಸಿ ಡಬ್ಬಿಗೆ ತುಂಬುವ ಶೆಡ್ಡಿದೆ. ಅಲ್ಲಿ ನಮ್ಮೂರ ಹತ್ತಿರದ ಕಳ್ಳಕವಟಗಿಯ ಕಮಲವ್ವ ಸಿಕ್ಕಳು. ಗಂಡನಿಲ್ಲ, ಮಗಳು ರೇಣುಕಾಳನ್ನು ತಿಕೋಟಾದ ತಂಗಿಯ ಮನೆಯಲ್ಲಿ ಬಿಟ್ಟು ಕೂಲಿಗೆ ಬಂದವಳು.

“ಕಾಕಾ, ಇಂಥಾ ಶೆಡ್ ಒಂದು ತಿಕೋಟಾದಾಗ ಇದ್ರ ಮಗಳನ್ನ ಬಿಟ್ಟು ನಾ ಯಾಕ ಬರ್ತಿದ್ನಿರಿ?”

ಇರಬಹುದಾಗಿತ್ತು. ಈ ಶೆಡ್ಡಿನ ಯಜಮಾನನ ತಂದೆ ಹಿಂದೆ ನಮ್ಮೂರಿಗೆ ಬಂದು, ರಸ್ತೆಗೆ ಹತ್ತಿದ ನನ್ನ ಜಾಗವನ್ನು ಶೆಡ್ ಹಾಕಲು ಬಾಡಿಗೆಗೆ ಕೇಳಿದ್ದ. ಆರಿಸಲು ಹೆಣ್ಣುಮಕ್ಕಳು ಬೇಕು ಎಂದ. ಅವರು ಬಿಸಿಲಲ್ಲಿ ದಿನವಿಡೀ ಕಳೆ ತೆಗೆದರೆ ನಮಗೇನೂ ಅನಿಸುತ್ತಿರಲಿಲ್ಲ. ಬಾಗಿಲು ಹಾಕಿದ ಶೆಡ್ಡಿನೊಳಗೆ, ಪರವೂರ ಗಂಡಸಿನ ಕೈಕೆಳಗೆ ಎಂದಾಗ ಮಾತ್ರ ಮೈಯುರಿಯಿತು. “ಊರ ಮರ್ಯಾದಿ ಏನಾಗಬೇಕ್ರಿ?” ಎಂದು ಕಟ್ಟೆಯ ಮೇಲೆ ಎಲ್ಲರಿಗಿಂತ ಜೋರಾಗಿ ಕೇಳಿದವನು ನಾನು. ಆತ ಚಹಾ ಕುಡಿದು ಎದ್ದು ಹೋದ.

ಇದನ್ನೆಲ್ಲ ಕಮಲವ್ವನಿಗೆ ಹೇಳಿದೆ. ಅವಳು ಆರಿಸುವ ಕೈ ನಿಲ್ಲಿಸದೆ, “ಬಾಗಿಲಾ ನೋಡ್ರಿ, ತೆರದೈತಿ. ನಿಮ್ಮ ಮರ್ಯಾದಿ ಒಳಗ ಐತೋ, ಹೊರಗ ಹೋತೋ?” ಎಂದಳು. ಪಕ್ಕದವರು ನಕ್ಕರು. ಆಮೇಲೆ ಮೆಲ್ಲಗೆ, “ಜಾಗಾ ಇನ್ನೂ ಐತೇನ್ರಿ? ಈ ಶೆಡ್ಡಿನ ಮಾಲಕನ್ನ ಒಂದ್ ಮಾತು ಕೇಳ್ರಿ” ಎಂದಳು.

ಕೇಳಿದೆ. ಬಾಡಿಗೆಯೂ ಬೇಡ ಎಂದೆ. ಆತ ಕುರ್ಚಿ ಕೊಟ್ಟು ಕೂರಿಸಿದ. ಕೂಲಿಯವರಿಂದ ಕಲಿತ ನಮ್ಮ ಕಡೆಯ ಕನ್ನಡ ಆತನಿಗೆ ಬರುತ್ತಿತ್ತು; ಅಜ್ಜ ಎನ್ನಲು ಇಲ್ಲಿನವರು ಆಜೋಬಾ ಎನ್ನುತ್ತಾರೆ.

“ಆಜೋಬಾ, ಡಬ್ಬಿ ಮಾಡಾಂವ ಎದುರಿಗೇ ಅದಾನ. ಲಾರಿ ಹಿಂದಿನ ಓಣ್ಯಾಗ. ಮಷೀನ ಕೆಟ್ರ ಮಿಸ್ತ್ರಿ ಸೈಕಲ್ ಮ್ಯಾಲ ಬರ್ತಾನ. ನಾ ಒಬ್ಬ ತಿಕೋಟಾಕ್ಕ ಹೋದ್ರ ಇವರೆಲ್ಲಾ ನನ್ನ ಬೆನ್ನ ಹತ್ತಿ ಬರ್ತಾರೇನ್ರಿ?”

ಅಂದು ಒಬ್ಬನನ್ನು ವಾಪಸ್ ಕಳಿಸಿದೆವು ಎಂದುಕೊಂಡಿದ್ದೆ. ಅವನ ಹಿಂದೆ ಬರಬೇಕಿದ್ದ ಡಬ್ಬಿಯವನು, ಲಾರಿಯವನು, ಮಿಸ್ತ್ರಿ, ಅವರಿಗೆಲ್ಲ ಚಹಾ ಕಾಸುವವನು, ಎಲ್ಲರನ್ನೂ ಕಳಿಸಿಬಿಟ್ಟಿದ್ದೆವು. ಈಗ ನಮ್ಮ ನೆರೆಯ ಬಬಲೇಶ್ವರದ ಜನ ಕೂಡ ಕೆಲಸ ಹುಡುಕಿ ಇಲ್ಲಿಗೇ ಬರುತ್ತಾರೆ; ಕೆಲಸ ಇದ್ದಲ್ಲಿಗೇ ಕೆಲಸ ಬರುತ್ತದೆ.

ಕಮಲವ್ವ ಕೇಳಿ, ಆರಿಸಿದ್ದನ್ನು ಡಬ್ಬಿಗೆ ಸುರಿದಳು. “ಅಮಾಸಿಗೆ ಊರಿಗೆ ಹೊಂಟೀರಲ್ಲರಿ. ಬರೂ ಮುಂದ ನಮ್ಮ ರೇಣುಕಾನ್ನ ಕರಕೊಂಡ್ ಬಂದ್ಬಿಡ್ರಿ.”

ಅಮಾವಾಸ್ಯೆ ಮುಗಿಸಿ ಹೊರಟ ದಿನ, ವಿಜಯಪುರದಿಂದ ಸಾಂಗಲಿಗೆ ಹೋಗುವ ಬಸ್ಸು ತಿಕೋಟಾದಲ್ಲಿ ನಿಂತಾಗ ರೇಣುಕಾಳ ಚೀಲವನ್ನು ನಾನೇ ಎತ್ತಿ ಒಳಗಿಟ್ಟೆ. ಜಾಲಿ ಬೆಳೆದ ನನ್ನ ಜಾಗ ದಾಟುವವರೆಗೆ ನಾನು ತಲೆಯೆತ್ತಲಿಲ್ಲ.

“ಮುತ್ಯಾ, ಅಲ್ಲಿ ಸಾಲ್ಯಾಗ ಕನ್ನಡ ಇರತೈತೇನ್ರಿ?” ರೇಣುಕಾ ಕೇಳಿದಳು.

“ಮನ್ಯಾಗ ಇರತೈತವ್ವಾ” ಎಂದೆ.