ಸರಾಸರಿಗಿಂತ ಕಡಿಮೆ ಭಕ್ತಿ

ಭಕ್ತಿಯನ್ನು ನಿಮಿಷಗಳಲ್ಲಿ ಅಳೆಯಬಹುದು ಎಂದು ನನಗೆ ಕಲಿಸಿದವರು ನನ್ನ ಪಿಎಚ್‌.ಡಿ. ಮಾರ್ಗದರ್ಶಕರು. ನಾನು ಹುಮನಾಬಾದಿನ ಕಾಲೇಜೊಂದರಲ್ಲಿ ಸಮಾಜಶಾಸ್ತ್ರದ ಅತಿಥಿ ಉಪನ್ಯಾಸಕಿ. ಪಿಎಚ್‌.ಡಿ. ಆದರೆ ಅತಿಥಿಯ ಪಟ್ಟ ಕಳಚಿ ಮನೆಯವಳಾಗಬಹುದು ಎಂಬ ಆಸೆಯಿಂದ ‘ಜನರ ಧಾರ್ಮಿಕತೆ’ ಎಂಬ ವಿಷಯ ಹಿಡಿದಿದ್ದೆ. ತವರು ಬಸವಕಲ್ಯಾಣ, ಗಂಡನ ಮನೆ ಹುಮನಾಬಾದ್. ಹಾಗಾಗಿ ಸಂಶೋಧನೆಯ ವ್ಯಾಪ್ತಿಯೂ ಈ ಎರಡು ಊರುಗಳೇ ಆಯಿತು. ಇದಕ್ಕೆ ಶಾಸ್ತ್ರೀಯ ಕಾರಣಗಳನ್ನು ಆಮೇಲೆ ಹುಡುಕಿ ಬರೆದೆ.

ದಿನಕ್ಕೆ ಪೂಜೆಗೋ ನಮಾಜಿಗೋ ಧ್ಯಾನಕ್ಕೋ ಎಷ್ಟು ನಿಮಿಷ, ವಾರಕ್ಕೆ ಎಷ್ಟು ಸಲ ಗುಡಿಗೋ ಮಸೀದಿಗೋ ವಿಹಾರಕ್ಕೋ ಹೋಗುತ್ತೀರಿ, ತಿಂಗಳಿಗೆ ಎಷ್ಟು ಉಪವಾಸ, ಇವೇ ನನ್ನ ಪ್ರಶ್ನೆಗಳು. ಮೊದಲ ಪ್ರಯೋಗ ಅತ್ತೆ ಮಾವನ ಮೇಲೆ ನಡೆಯಿತು. ಮಾವನವರು ತಹಶೀಲ್ದಾರ್ ಕಚೇರಿಯಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಕಾಗದದ ಮೇಲೆ ಸುಳ್ಳು ಬರೆದರೆ ಪಿಂಚಣಿ ನಿಲ್ಲುತ್ತದೆ ಎಂದು ನಂಬಿದ ಪ್ರಾಮಾಣಿಕರು. ತಮ್ಮ ಪೂಜೆಗೆ ಇಪ್ಪತ್ತು ನಿಮಿಷ ಎಂದು ತಾವೇ ಪೆನ್ನು ಹಿಡಿದು ಬರೆದರು. ಅತ್ತೆಯವರನ್ನು ಕೇಳಿದರೆ ಅಡುಗೆಮನೆಯಿಂದಲೇ ಉತ್ತರ ಬಂತು: ಪೂಜೆ ಅವರು ಮಾಡುತ್ತಾರೆ, ನನ್ನದೇನಿದ್ದರೂ ಬರೀ ಕೆಲಸ. ನಾನು ಸೊನ್ನೆ ಬರೆದುಕೊಂಡೆ.

ಆಮೇಲೆ ಬಸವಕಲ್ಯಾಣದ ಓಣಿಗಳಿಗೆ ಹೋದೆ. ಅಲ್ಲಿ ಒಬ್ಬರನ್ನೇ ಕೂರಿಸಿಕೊಂಡು ಪ್ರಶ್ನೆ ಕೇಳುವುದು ಸಾಧ್ಯವಿಲ್ಲ. ಒಬ್ಬರಿಗೆ ಕೇಳಿದರೆ ಕಟ್ಟೆಯ ಮೇಲಿನವರೆಲ್ಲ ಉತ್ತರ ಕೊಡುತ್ತಾರೆ. ಮೊದಲನೆಯವರು ಅರ್ಧ ತಾಸು ಎಂದರೆ ಪಕ್ಕದವರು ಅವರ ಮುಖವನ್ನೊಮ್ಮೆ ನೋಡಿ ಮುಕ್ಕಾಲು ತಾಸು ಎಂದರು. ಮೂರನೆಯವರು ಎರಡು ತಾಸಿಗೆ ಏರಿಸಿದರು. ಅವರು ದಿನವಿಡೀ ಹೋಟೆಲಿನ ಗಲ್ಲಾದ ಮೇಲೆ ಕೂರುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಬಟ್ಟೆ ಅಂಗಡಿಯ ಹಿರಿಯ ಮುಸ್ಲಿಂ ವ್ಯಾಪಾರಿಯೊಬ್ಬರು ಮಾತ್ರ, ಈ ಹಿಸಾಬು ಮೇಲಿನವನದು, ನೀವ್ಯಾಕೆ ಇಡುತ್ತೀರಿ ಎಂದು ನಕ್ಕರು. ಆದರೆ ಪಕ್ಕದ ಅಂಗಡಿಯವರ ಸಂಖ್ಯೆ ಕಿವಿಗೆ ಬಿದ್ದ ಮೇಲೆ ಅವರೂ ತಮ್ಮದನ್ನು ಹೇಳಿದರು. ಅದು ಹೆಚ್ಚೇ ಇತ್ತು.

ಎಲ್ಲವನ್ನೂ ಕೂಡಿಸಿ ಭಾಗಿಸಿದೆ. ಕೋಷ್ಟಕ ಮುದ್ರಿಸಿ ಮನೆಗೆ ತಂದು ಟೇಬಲ್ಲಿನ ಮೇಲಿಟ್ಟು ಕೈಕಾಲು ತೊಳೆಯಲು ಹೋದೆ. ಬರುವಷ್ಟರಲ್ಲಿ ಮಾವನವರು ಕನ್ನಡಕ ಏರಿಸಿ ತಮ್ಮ ಇಪ್ಪತ್ತು ನಿಮಿಷವನ್ನು ಊರಿನ ಸರಾಸರಿಯ ಪಕ್ಕಕ್ಕಿಟ್ಟು ನೋಡುತ್ತಿದ್ದರು. ಅವರ ಕಚೇರಿಯಲ್ಲಿ ಸರಾಸರಿಗಿಂತ ಕಡಿಮೆ ಎಂದರೆ ಮಳೆಯ ಮಾತು, ಅಂದರೆ ಬರ. ಕೇಂದ್ರದಿಂದ ತಂಡ ಬರುವಂಥ ಸಂಗತಿ. ಮರುದಿನದಿಂದ ಪರಿಹಾರ ಕಾಮಗಾರಿ ಶುರುವಾಯಿತು.

ಇಪ್ಪತ್ತು ನಿಮಿಷದ ಪೂಜೆ ಒಂದು ತಾಸಾಯಿತು. ಗುರುವಾರ ಮಾಣಿಕನಗರದ ಗುಡಿಗೆ ನಡೆದುಕೊಂಡೇ ಹೋಗಿಬರುವುದು, ಸೋಮವಾರ ಶನಿವಾರ ಉಪವಾಸ, ಕೊನೆಗೆ ಮೌನವಾಗಿ ಜಪ. ಜಪದ ನಡುವೆ ತುಟಿ ಬಿಚ್ಚಿದರೆ ಮತ್ತೆ ಮೊದಲಿಂದ ಎಣಿಸಬೇಕು ಎಂಬ ನಿಯಮವನ್ನೂ ತಾವೇ ಮಾಡಿಕೊಂಡರು. ಭಕ್ತಿ ಅವರದು, ಮೊಣಕಾಲು ಅತ್ತೆಯವರದು. ಕತ್ತಲಿರುವಾಗಲೇ ಎದ್ದು ನೀರು ಕಾಯಿಸುವುದು, ಹುಣಸೆಹಣ್ಣು ಹಚ್ಚಿ ದೀಪ ತಿಕ್ಕುವುದು, ಹೂ ಹರಿದು ತರುವುದು, ಬತ್ತಿ ಹೊಸೆಯುವುದು, ನೈವೇದ್ಯ ಮಾಡುವುದು. ಉಪವಾಸದ ದಿನವಂತೂ ಕೇಳುವುದೇ ಬೇಡ. ಮಾವನವರಿಗೆ ಸಾಬೂದಾಣಿ ಖಿಚಡಿ, ಬಾಳೆಹಣ್ಣಿನ ಶಿಕರಣಿ. ನಮಗೆ ಎಂದಿನಂತೆ ರೊಟ್ಟಿ ಪಲ್ಯ. ಒಬ್ಬರು ಉಣ್ಣದಿದ್ದರೆ ಎರಡು ಅಡುಗೆ. ನನ್ನ ಗಂಡ ಇಂಥ ವಿಷಯಗಳಲ್ಲಿ ಬಾಯಿ ಹಾಕದೆ ಬೆಳಗಿನ ಬಸ್ಸು ಹಿಡಿಯುವ ಜಾಣ.

ಇದೇ ಹೊತ್ತಿಗೆ ಚಿಟಗುಪ್ಪದಲ್ಲಿ ಅತ್ತೆಯವರ ಅಕ್ಕನಿಗೆ ಕಣ್ಣಿನ ಆಪರೇಷನ್ ಆಯಿತು. ನಾಲ್ಕು ದಿನ ಬಂದು ಪಕ್ಕದಲ್ಲಿ ಕೂತಿರು ಎಂದು ಅಕ್ಕ ಫೋನಿನ ಮೇಲೆ ಫೋನು ಮಾಡಿದರು. ಅತ್ತೆಯವರಿಗೆ ಹೋಗಲೇಬೇಕಿತ್ತು. ಬಸ್ಸಿಗೆ ಹೆಚ್ಚು ಹೊತ್ತಿನ ದಾರಿಯೂ ಅಲ್ಲ. ಮಾವನವರು ಮಾತ್ರ, ಇಷ್ಟು ಒಳ್ಳೆಯ ಪೂಜೆ ನಡೆದಿರುವಾಗ ನಡುವೆ ನಿಂತರೆ ಹೇಗೆ ಎಂದರು. ಬೇಡ ಎಂದು ಹೇಳಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಒಂದು ಸಂಜೆ ಅತ್ತೆಯವರು ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತ ನನ್ನನ್ನು ಮೆಲ್ಲಗೆ ಕೇಳಿದರು:

“ಆ ಸರಾಸರಿ ಸ್ವಲ್ಪ ಇಳಸಾಕ ಬರ್ತದೇನ್ ಯವ್ವಾ?”

ನನಗೆ ನಗು ಬಂತು. ನಕ್ಕ ಮೇಲೆ ನಾಚಿಕೆಯಾಯಿತು. ಅಂಕಿ ತಿದ್ದುವಂತಿಲ್ಲ, ಆದರೆ ನನ್ನ ಶಾಸ್ತ್ರದಲ್ಲಿ ಇನ್ನೊಂದು ದಾರಿಯಿತ್ತು. ಮಾವನವರ ಮುಂದೆ ಕೂತು ಮಧ್ಯಾಂಕದ ಪಾಠ ಮಾಡಿದೆ. ನಾಲ್ಕು ಜನ ಬಡಾಯಿಕೋರರು ತಾಸುಗಟ್ಟಲೆ ಹೇಳಿದರೆ ಸರಾಸರಿ ಸುಮ್ಮನೆ ಉಬ್ಬುತ್ತದೆ, ಅದನ್ನು ನಂಬಬಾರದು. ಕಡಿಮೆಯಿಂದ ಹೆಚ್ಚಿನವರೆಗೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ನಟ್ಟನಡುವಿನವರನ್ನು ನೋಡಬೇಕು. ಹಾಗೆ ನೋಡಿದರೆ ನೀವು ಹಳೆಯ ಇಪ್ಪತ್ತು ನಿಮಿಷದಲ್ಲೇ ಅರ್ಧಕ್ಕಿಂತ ಹೆಚ್ಚು ಜನರನ್ನು ದಾಟಿದ್ದೀರಿ ಎಂದೆ. ಮಾವನವರ ಮುಖ ಅರಳಿತು. ಸಾಲನ್ನು ಮನಸ್ಸಿನಲ್ಲೇ ಒಮ್ಮೆ ನೋಡಿಕೊಂಡು ಕೇಳಿದರು:

“ಮತ್ತ ಎಲ್ಲಾರಿಗಿಂತ ಮುಂದ ನಿಂತಾವ ಯಾರು?”

ಮರುದಿನ ಪೂಜೆ ಒಂದೂವರೆ ತಾಸಾಯಿತು. ಅಲ್ಲಿಗೆ ಅಂಕಿಸಂಖ್ಯಾಶಾಸ್ತ್ರ ಕೈ ಚೆಲ್ಲಿತು.

ಮಾರ್ಗದರ್ಶಕರದು ಇನ್ನೊಂದು ತಕರಾರು. ಜಗತ್ತಿನ ಪುಸ್ತಕಗಳಲ್ಲೆಲ್ಲ ಹೆಂಗಸರ ಧಾರ್ಮಿಕತೆ ಹೆಚ್ಚು, ನಿನ್ನ ಕೋಷ್ಟಕದಲ್ಲಿ ಮಾತ್ರ ಗಂಡಸರದು ಹೆಚ್ಚು, ಎಲ್ಲೋ ಎಡವಿದ್ದೀಯಾ ಎಂದರು. ಎಡವಿದ್ದು ಎಲ್ಲಿ ಎಂದು ನನಗೆ ಅಷ್ಟರಲ್ಲಿ ತಿಳಿದಿತ್ತು. ಪೂಜೆಯ ತಯಾರಿ ಯಾರು ಮಾಡುತ್ತಾರೆ, ಎಷ್ಟು ಹೊತ್ತು ಎಂಬ ಪ್ರಶ್ನೆ ಸೇರಿಸಿ ಇನ್ನೊಮ್ಮೆ ಮನೆಮನೆಗೆ ಹೋಗುತ್ತೇನೆ ಎಂದು ಬರೆದು ಕೊಟ್ಟೆ. ಅವರು ಅದನ್ನು ಕೆಂಪು ಶಾಯಿಯಲ್ಲಿ ಹೊಡೆದು ಹಾಕಿದರು. ಅದು ಗೃಹವಿಜ್ಞಾನದವರ ವಿಷಯವಂತೆ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಸಿಟ್ಟು ನುಂಗಿಕೊಂಡು ಬಂದೆ.

ಆ ಸೋಮವಾರ ಮಾವನವರು ಜಪಕ್ಕೆ ಕೂತಿದ್ದರು. ಅತ್ತೆಯವರು ಇಳಕಲ್ ಸೀರೆ ಉಟ್ಟು, ಕೈಯಲ್ಲೊಂದು ಚೀಲ ಹಿಡಿದು ದೇವರ ಕೋಣೆಯ ಹೊಸ್ತಿಲಲ್ಲಿ ನಿಂತರು.

“ಅಕ್ಕನ ಕಡಿ ಚಿಟಗುಪ್ಪಕ್ಕ ಹೊಂಟೀನ್ರಿ. ಬ್ಯಾಡ ಅನ್ನೂದಿದ್ರ ಈಗs ಹೇಳ್ರಿ.”

ಮಾವನವರ ಕಣ್ಣು ತೆರೆಯಿತು. ಜಪಮಾಲೆ ಮುಕ್ಕಾಲು ಭಾಗ ಸರಿದಾಗಿತ್ತು. ಮಾತಾಡಿದರೆ ಮತ್ತೆ ಮೊದಲಿಂದ. ಅವರು ಗಂಟೆ ಬಾರಿಸಿದರು. ಕೊನೆಗೆ ತಡೆಯುವವರಂತೆ ಬಲಗೈ ಎತ್ತಿದರು. ಅತ್ತೆಯವರು ಆ ಕೈಗೆ ತಲೆಬಾಗಿ ನಮಸ್ಕಾರ ಮಾಡಿ, ಆಶೀರ್ವಾದ ಸಿಕ್ಕಿತು ಎಂದು ನನಗೆ ಹೇಳಿ, ಅಂಗಳ ದಾಟಿ ಆಟೋ ಹತ್ತಿದರು. ಅಷ್ಟು ಚುರುಕಾಗಿ ಅವರು ನಡೆದದ್ದನ್ನು ನಾನು ಆ ವರ್ಷ ನೋಡಿರಲಿಲ್ಲ.

ನನಗೆ ಪರೀಕ್ಷಾ ಕೆಲಸವಿತ್ತು. ನಿಜ ಹೇಳಬೇಕೆಂದರೆ ಇಲ್ಲದಿದ್ದರೂ ಇತ್ತೆನ್ನುತ್ತಿದ್ದೆ. ಮಾವನವರು ಒಬ್ಬರೇ ನೀರು ಕಾಯಿಸಿದರು, ಬೇಲಿಯ ಹೂ ಹರಿದರು, ಹೊಸೆದ ಬತ್ತಿ ಎಣ್ಣೆಯಲ್ಲಿ ಬಿಚ್ಚಿಕೊಂಡಿತು. ಎಲ್ಲ ಹೊಂದಿಸಿ ಕೂರುವಷ್ಟರಲ್ಲಿ ಬಿಸಿಲು ಏರಿರುತ್ತಿತ್ತು. ಆಮೇಲೆ ಹತ್ತು ನಿಮಿಷದಲ್ಲಿ ಮಂಗಳಾರತಿ. ಉಪವಾಸದ ಸುದ್ದಿಯನ್ನು ಯಾರೂ ಎತ್ತಲಿಲ್ಲ.

ನಾಲ್ಕು ದಿನ ಆಯಿತು. ಅತ್ತೆಯವರು ಬರಲಿಲ್ಲ, ಫೋನೂ ಇಲ್ಲ. ಮಾವನವರು ನನ್ನ ಸುತ್ತಲೇ ಸುಳಿದಾಡತೊಡಗಿದಾಗ ನಾನೇ ಫೋನು ಹಚ್ಚಿ, ಯಾವಾಗ ಬರುತ್ತೀರಿ ಎಂದು ಕೇಳಿದೆ. ಆ ಕಡೆಯಿಂದ ಅಕ್ಕತಂಗಿಯರ ನಗು ಕೇಳಿಸಿತು. ಆಮೇಲೆ ಅತ್ತೆಯವರ ದನಿ:

“ದೇವರಿಗೆ ನಾ ಇಲ್ಲದs ಭಾಳ ತ್ರಾಸ ಆಗ್ಯಾದೇನಂತ ಅವರಿಗೆ ಕೇಳು.”

ಫೋನು ಹಿಡಿದೇ ಹಿತ್ತಲಿಗೆ ಹೋದೆ. ಮಾವನವರು ಕುಕ್ಕರುಗಾಲಲ್ಲಿ ಕೂತು ದೀಪ ತಿಕ್ಕುತ್ತಿದ್ದರು. ಹುಣಸೆಹುಳಿಯಲ್ಲಿ ಬೆರಳುಗಳೆಲ್ಲ ಸುಕ್ಕುಗಟ್ಟಿದ್ದವು. ಕೇಳಿದೆ. ಅವರು ತಲೆ ಎತ್ತಲಿಲ್ಲ. ದೀಪವನ್ನು ನೀರಲ್ಲಿ ಅದ್ದಿ ತೆಗೆದು ಇನ್ನೊಮ್ಮೆ ತಿಕ್ಕಿದರು.

“ದೇವರಿಗೇನೂ ಆಗಿಲ್ಲ,” ಎಂದರು. “ನನಗs ಆಗ್ಯಾದ ಅಂತ ಹೇಳು.”

ಹೇಳಿದೆ. ಆ ಕಡೆ ಅತ್ತೆಯವರು ಮೂಗು ಏರಿಸಿದ್ದು ಕೇಳಿಸಿತು.

“ಹಂಗಾರ ಇನ್ನೆಲ್ಡ್ ದಿನ ಇದ್ದು ಬರ್ತೀನಿ,” ಎಂದರು.