ಅಡಿವೆಪ್ಪ ತಾನೇ ಹೇಳಿದ ಊಟ

ಬರ್ಮಿಂಗ್‌ಹ್ಯಾಮ್‌ನ ಕಾರ್ಖಾನೆಯೊಂದರಲ್ಲಿ ಎಂಜಿನಿಯರಾಗಿದ್ದ ಅಡಿವೆಪ್ಪ ಮಹಾ ಮಾತುಗಾರ. ವಿಜಯಪುರದ ಗತ್ತಿನಲ್ಲೇ ಇಂಗ್ಲಿಷ್ ಮಾತಾಡಿ ಇಡೀ ಕ್ಯಾಂಟೀನನ್ನು ನಗಿಸುತ್ತಿದ್ದ. ಕಳೆದ ವರ್ಷ ಲಕ್ವಾ ಹೊಡೆಯಿತು. ಕೈಕಾಲು ಚೇತರಿಸಿಕೊಂಡವು, ಮಾತು ಹಿಂದುಳಿಯಿತು. ತಲೆಯಲ್ಲಿ ನೆಟ್ಟಗಿದ್ದ ಶಬ್ದ ನಾಲಿಗೆಗೆ ಬರುವಷ್ಟರಲ್ಲಿ ಚದುರಿಹೋಗುತ್ತಿತ್ತು. ಜಿಪಿ ಡಾಕ್ಟರ ಹತ್ತಿರ, ಅಂಗಡಿಯಲ್ಲಿ, ಫೋನಿನಲ್ಲಿ ಹೆಂಡತಿ ಚಂದ್ರಿಕಾಳೇ ಅವನ ಪರವಾಗಿ ಮಾತಾಡುತ್ತಿದ್ದಳು. ಆಗೆಲ್ಲ ಅವನು ತನ್ನ ಬೂಟು ನೋಡುತ್ತ ನಿಲ್ಲುತ್ತಿದ್ದ.

ಒಂದು ಶನಿವಾರ ಇಬ್ಬರೂ ಸೆಲ್ಲಿ ಓಕ್ ಬಡಾವಣೆಯಲ್ಲಿ ರೈಲಿಳಿದು ಬರುವಾಗ ಹೊಸ ಹೋಟೆಲೊಂದು ಕಂಡಿತು. ಕೊರಿಯಾದ ಅಡುಗೆಯನ್ನೂ ಮೆಕ್ಸಿಕೊದ ಅಡುಗೆಯನ್ನೂ ಬೆರೆಸಿ ಬಡಿಸುವ ಜಾಗ. ಒಳಗೆ ತುಂಬ ವಿದ್ಯಾರ್ಥಿಗಳು. ಚಂದ್ರಿಕಾ ಬೇಡವೆನ್ನುವ ಮೊದಲೇ ಅವನು ಬಾಗಿಲು ತಳ್ಳಿದ್ದ.

ಆರ್ಡರ್ ಕೇಳಲು ಹುಡುಗಿಯೊಬ್ಬಳು ಬಂದಳು. ಚಂದ್ರಿಕಾ ಬಾಯಿ ತೆರೆಯುತ್ತಲೇ ಅಡಿವೆಪ್ಪ ಹೆಂಡತಿಯ ಮುಂಗೈ ಹಿಡಿದ.

“ನಾ... ಹೇಳ್ತೀನಿ.”

ಮೆನುವಿನ ಮೇಲೆ ಬೆರಳಿಟ್ಟು, “ಪನೀರ್ ಟಾಕೊ,” ಎಂದ. ಪನೀರ್ ತುಂಬಿ ಮಡಚಿದ ರೊಟ್ಟಿ ಅದು. ಹೆಸರು ಸಲೀಸಾಗಿ ಬಂತು. ಅದರ ಜೊತೆ ಕಿಮ್ಚಿ ಎಂಬ ಎಲೆಕೋಸಿನ ಉಪ್ಪಿನಕಾಯಿ ಇರುತ್ತದೆಂದು ಬರೆದಿತ್ತು. ಅದಕ್ಕೆ ಮೀನು ಹಾಕುತ್ತಾರೆಂದು ಎಲ್ಲೋ ಕೇಳಿದ್ದ. ಹುಟ್ಟಿನಿಂದ ಮೀನು ಮುಟ್ಟಿದವನಲ್ಲ. ಕೇಳಬೇಕು, ಆದರೆ ಶಬ್ದ ಸಿಗಲೊಲ್ಲದು. ಕಿವಿ ಬಿಸಿಯಾಯಿತು. ಪಕ್ಕದ ಟೇಬಲಿನವರು ತಿರುಗಿ ನೋಡಿದರು. ಚಂದ್ರಿಕಾಳ ತುಟಿ ಅಲುಗಿತು, ಆದರೂ ತಡೆದುಕೊಂಡಳು. ಹುಡುಗಿಗೆ ಯಾವ ಅವಸರವೂ ಇದ್ದಂತೆ ಕಾಣಲಿಲ್ಲ.

“ಮೀನು,” ಎಂದ. ಕನ್ನಡದ ಶಬ್ದ ಅವಳಿಗೆ ತಿಳಿಯಲಿಲ್ಲ. ಕಣ್ಣು ಮುಚ್ಚಿ ಉಸಿರೆಳೆದು, “ಫಿಶ್? ಇನ್ ದಿಸ್?” ಎಂದ.

“ಇಲ್ಲ, ನಾವು ಮೀನು ಹಾಕೋದಿಲ್ಲ. ಖಾರ ಎಷ್ಟಿರಲಿ?” ಎಂದು ಹುಡುಗಿ ಇಂಗ್ಲಿಷಿನಲ್ಲಿ ಕೇಳಿದಳು.

“ಭಾಳ,” ಎಂದವನು ತಾನೇ ನಕ್ಕು, “ವೆರಿ,” ಎಂದು ತಿದ್ದಿಕೊಂಡ.

ಟಾಕೊ ಬಂತು. ಮೊದಲ ತುತ್ತಿಗೇ ಅವನ ಕಣ್ಣಲ್ಲಿ ನೀರು.

“ಹೆಂಗೈತ್ರಿ?” ಎಂದಳು ಚಂದ್ರಿಕಾ.

“ಬ್ಯಾರೆ... ಖಾರ. ಛಲೋ ಐತಿ.” ಆಮೇಲೆ ಕೈಯೆತ್ತಿ ಹುಡುಗಿಯನ್ನು ಕರೆದು ಇನ್ನೊಂದು ತಟ್ಟೆ ತರಿಸಿದ.

ಸೋಮವಾರ ಔಷಧಿ ಅಂಗಡಿಗೆ ಹೋದಾಗ ಚಂದ್ರಿಕಾ ಬೇಕೆಂದೇ ಹೊರಗೆ ಉಳಿದಳು. ಗಾಜಿನಾಚೆ ಅವನ ಹಿಂದೆ ಸಾಲು ಬೆಳೆಯುತ್ತಿತ್ತು. ಕೊನೆಗೆ ಮಾತ್ರೆಯ ಚೀಲ ಹಿಡಿದು ಹೊರಬಂದ.

“ಹೆಸರು... ಕೇಳಿದ್ರು,” ಎಂದ. “ಪೂರಾ ಹೇಳಿದೆ.”