ಭೀಮವ್ವ ಓಣಿಗೆಲ್ಲ ಹೇಳಿದ ಮಾತು

ವಿಜಯಪುರದಿಂದ ಇಂಡಿಗೆ ಹೊರಟ ಬೆಳಗಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಕಂಡಕ್ಟರ್ ನನ್ನ ಆಧಾರ್ ಕಾರ್ಡು ನೋಡಿ ಹೆಂಗಸರಿಗೆ ಕೊಡುವ ಸೊನ್ನೆಯ ಟಿಕೆಟ್ ಹರಿದುಕೊಟ್ಟ. ಜನವರಿಯ ಚಳಿಯಿತ್ತು. ರಸ್ತೆಯ ಎರಡೂ ಕಡೆ ಬಿಳಿಜೋಳ ತೆನೆ ಬಿಟ್ಟು ನಿಂತಿತ್ತು. ನಾನು ಧಾರವಾಡದ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುವವಳು. ತಂಗಿ ಸುಜಾತಾ ಈ ಸೀಮೆಯಲ್ಲಿ ಪಶುವೈದ್ಯೆ. ದನಕರುಗಳಿಂದ ಮನುಷ್ಯರಿಗೆ ಹರಡುವ ರೋಗಗಳ ಬಗ್ಗೆ ನಾಲ್ಕು ತಾಲ್ಲೂಕುಗಳಲ್ಲಿ ತಿಳಿಹೇಳಲು ಹೊರಟಿದ್ದ ಅವಳು, ರಜೆ ಹಾಕಿ ಜೊತೆಗೆ ಬಾ ಎಂದು ಕರೆದಿದ್ದಳು.

ಇಂಡಿಯ ಬಸ್ ನಿಲ್ದಾಣಕ್ಕೆ ಸುಜಾತಾ ತನ್ನ ಹಳೆಯ ಕಾರು ತಂದಿದ್ದಳು. ಊರ ಹೊರಗಿನ ಲಿಂಬೆ ತೋಟದಲ್ಲಿ ಅಕ್ಕಪಕ್ಕದ ರೈತರು ತಮ್ಮ ಹೆಣ್ಣುಗರುಗಳನ್ನು ಕಟ್ಟಿ ಕಾಯುತ್ತಿದ್ದರು. ಕೈಗೆ ಗವಸು, ಕಣ್ಣಿಗೆ ದಪ್ಪ ಕನ್ನಡಕ ಹಾಕಿಕೊಂಡು ಅವಳು ಕಂದು ರೋಗದ, ಅಂದರೆ ಬ್ರುಸೆಲ್ಲೋಸಿಸ್‌ನ, ಲಸಿಕೆ ಚುಚ್ಚಿದಳು. ದನ, ಎಮ್ಮೆ, ಆಡು, ಕುರಿಗಳು ದಿನ ತುಂಬುವ ಮೊದಲೇ ಕಂದು ಹಾಕುವುದು ಈ ರೋಗದಿಂದ. ಹಾಗೆ ಬಿದ್ದ ಕರುವನ್ನೋ ಅದರ ಹಿಂದೆ ಬೀಳುವ ಮಾಸನ್ನೋ ಬರಿಗೈಯಿಂದ ಮುಟ್ಟಿದವರಿಗೆ, ಹಸಿಹಾಲು ಕುಡಿದವರಿಗೆ ಅದು ಹತ್ತುತ್ತದೆ. ಲಸಿಕೆಯಲ್ಲೂ ಜೀವಂತ ರೋಗಾಣು ಇರುವುದರಿಂದ ಚುಚ್ಚುವವರೂ ಎಚ್ಚರದಿಂದ ಇರಬೇಕಂತೆ. ತೋಟದವರು ಕೊಟ್ಟ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಉಂಡು ಹೊರಟೆವು.

ಆಲಮೇಲದ ದಾರಿಯಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರುಗಳ ಹಿಂದೆ ಕಾರು ತೆವಳಿತು. ಭೀಮಾ ನದಿಯ ಕಡೆಗಿರುವ ಸಣ್ಣ ಊರೊಂದರಲ್ಲಿ ಭೀಮವ್ವ ಎಂಬ ಹೆಂಗಸು ನಮ್ಮನ್ನು ಕರೆಸಿದ್ದಳು. ಹಾಲು ಮಾರಿ ಮನೆ ನಡೆಸುವವಳು. ಅವಳ ಎರಡು ಎಮ್ಮೆಗಳಲ್ಲಿ ಒಂದು ಹಿಂದಿನ ತಿಂಗಳು ಕಂದು ಹಾಕಿತ್ತು. ಸುಜಾತಾ ಎಮ್ಮೆಗಳನ್ನು ನೋಡಿ, ಇನ್ನೂ ಹಾಲು ಕೊಡುತ್ತಿದ್ದ ಇನ್ನೊಂದರದೂ ಸೇರಿಸಿ ರಕ್ತ ತೆಗೆದಳು. ಮೇಲೆದ್ದಾಗ ಅವಳ ಕಣ್ಣು ಕಟ್ಟೆಯ ಮೇಲೆ ಕಂಬಳಿ ಹೊದ್ದು ಮಲಗಿದ್ದ ಭೀಮವ್ವನ ಗಂಡ ಗುರುಪಾದಪ್ಪನ ಮೇಲೆ ಬಿತ್ತು. ಸತ್ತ ಕರುವನ್ನು ಎಳೆದು ತೆಗೆದವನು ಅವನೇ. ಅದಾದ ಮೇಲೆ ಸಂಜೆಯಾದರೆ ಜ್ವರ, ಬಟ್ಟೆ ತೊಯ್ಯುವಷ್ಟು ಬೆವರು, ಎದ್ದು ಕೂರಲಾಗದ ಸೊಂಟನೋವು. ಟೈಫಾಯ್ಡ್ ಎಂದು ಔಷಧ ತಿಂದಿದ್ದ, ಜ್ವರ ಮರಳಿ ಬಂದಿತ್ತು. ಕರೆದ ಕೂಡಲೇ ನೊರೆಹಾಲು ಕುಡಿಯುವ ರೂಢಿಯೂ ಅವನಿಗಿತ್ತು.

ಸುಜಾತಾ ಗವಸು ಕಳಚಿ ಅವನ ಹತ್ತಿರ ಹೋದಳು. ಆಮೇಲೆ ಹೇಳಿದಳು: "ನಾ ದನದ ಡಾಕ್ಟರ್ ಅದೇನಿ ಕಾಕಾ, ನಿಮಗ ಔಷಧ ಕೊಡಾಕ ಬರಂಗಿಲ್ಲ. ಆದ್ರ ಯಾರ ಕಡಿ ಹೋಗಬೇಕು ಅನ್ನೋದು ಗೊತ್ತೈತಿ. ಕಾರಿನ್ಯಾಗ ಕೂಡ್ರಿ."

ಸಿಂದಗಿಯಲ್ಲಿ ದವಾಖಾನೆ ಇಟ್ಟುಕೊಂಡಿರುವ ಡಾಕ್ಟರ್ ಇಮ್ತಿಯಾಜ್ ಸುಜಾತಾಳ ಪಿಯು ಕಾಲೇಜಿನ ಗೆಳೆಯ. ರೋಗಿಯನ್ನು ನೋಡುತ್ತಲೇ ಎಮ್ಮೆಯ ಬಗ್ಗೆ ಅವನು ಅವಳನ್ನು ಕೇಳಿದ, ಜ್ವರದ ಬಗ್ಗೆ ಅವಳು ಅವನನ್ನು ಕೇಳಿದಳು. ಇಬ್ಬರಿಗೂ ತಮ್ಮ ತಿಳಿವಳಿಕೆ ಮೆರೆಸುವ ಉಮೇದಿರಲಿಲ್ಲ. ನನಗೆ ಅದು ಬಹಳ ಹಿಡಿಸಿತು. ರಕ್ತ ತೆಗೆದುಕೊಂಡು, ಗುರುಪಾದಪ್ಪನನ್ನು ಊರಿನ ಜೀಪಿಗೆ ಹತ್ತಿಸಿ ಕಳಿಸಿದರು. ಎಮ್ಮೆಗಳ ರಕ್ತವನ್ನು ಸುಜಾತಾ ಪರೀಕ್ಷೆಗೆ ಕಳಿಸಿಕೊಟ್ಟಳು.

ಮರುದಿನ ತಾಳಿಕೋಟೆಯ ಮೇಲಿಂದ ಮುದ್ದೇಬಿಹಾಳಕ್ಕೆ ಹೋದೆವು. ಕಪ್ಪು ಎರೆಹೊಲದಲ್ಲಿ ಕುರಿ ನಿಲ್ಲಿಸಿದ್ದ ಕುರುಬರೊಂದಿಗೆ ಸುಜಾತಾ ಮಾತಾಡುತ್ತಿದ್ದಾಗ ಇಮ್ತಿಯಾಜ್ ಫೋನ್ ಮಾಡಿದ. ಗುರುಪಾದಪ್ಪನಿಗೆ ಬಂದಿರುವುದು ಅದೇ ರೋಗ, ಬಿಡದೆ ಆರು ವಾರ ಗುಳಿಗೆ ತಿಂದರೆ ವಾಸಿಯಾಗುತ್ತದೆ ಎಂದ. ಎರಡೂ ಎಮ್ಮೆಗಳಲ್ಲಿ ರೋಗವಿದೆಯೆಂದು ಸಂಜೆ ತಿಳಿಯಿತು. ಸುಜಾತಾ ಕೂಡಲೇ ಭೀಮವ್ವನಿಗೆ ಫೋನ್ ಹಚ್ಚಿದಳು. ಆ ಹಾಲು ಓಣಿಯ ಅರ್ಧ ಮನೆಗಳಿಗೆ ಹೋಗುತ್ತಿತ್ತು. ಅದನ್ನು ಕುಡಿಯುವ ಪಕ್ಕದ ಮನೆಯ ಸೊಸೆ ರೇಣುಕಾ ಬಸುರಿ ಎಂದು ಭೀಮವ್ವನೇ ಹೇಳಿದಳು. ಫೋನಿನಲ್ಲಿ ಅವಳ ಹಿಂದಿನಿಂದ ಗಂಡಸಿನ ದನಿ ಕೇಳಿತು. ಭೀಮವ್ವನ ಮೈದುನ. ನಾಳೆ ಬಾಗೇವಾಡಿ ಸಂತೆಗೆ ಗಾಡಿಯಲ್ಲಿ ಒಯ್ದು ಎಮ್ಮೆ ಮಾರಿಬಿಡೋಣ, ಯಾರಿಗೂ ತಿಳಿಯುವುದಿಲ್ಲ ಎನ್ನುತ್ತಿದ್ದ.

"ಮಾರಿದ್ರ ರೋಗ ಇನ್ನೊಬ್ಬರ ಮನಿ ಸೇರ್ತೈತಿ ಭೀಮವ್ವ," ಎಂದಳು ಸುಜಾತಾ. ಭೀಮವ್ವ ಫೋನ್ ಇಟ್ಟುಬಿಟ್ಟಳು. ಅವಳನ್ನು ದೂರುವ ಮನಸ್ಸು ನನಗಾಗಲಿಲ್ಲ. ಅವಳ ಸಂಸಾರವೆಲ್ಲ ಆ ಎಮ್ಮೆಗಳ ಮೇಲೆ ನಿಂತಿತ್ತು.

ಮರುದಿನ ಬಸವನ ಬಾಗೇವಾಡಿಯ ದನದ ಸಂತೆಯಲ್ಲಿ ಧೂಳು, ಕೂಗು, ಮಿರ್ಚಿ ಕರಿಯುವ ಎಣ್ಣೆಯ ವಾಸನೆ. ಸುಜಾತಾ ವ್ಯಾಪಾರಿಗಳಿಗೆ ರೋಗದ ವಿಷಯ ಹೇಳುತ್ತ ಹೋದಂತೆ ನಾನು ಎಮ್ಮೆಗಳ ಸಾಲುಗಳಲ್ಲಿ ಎಡಗೊಂಬು ಕೆಳಗೆ ಬಾಗಿದ ಒಂದನ್ನು ಹುಡುಕಿದೆ. ಕಂದು ಹಾಕಿದ ಎಮ್ಮೆಯ ಗುರುತು ಅದು. ಸಂತೆ ಕರಗುವವರೆಗೂ ಅದು ಕಾಣಿಸಲಿಲ್ಲ. ದಾರಿಯಲ್ಲೇ ಮಾರಿರಬಹುದೆಂಬ ಅಂಜಿಕೆ ಮಾತ್ರ ಹೋಗಲಿಲ್ಲ.

ಮಾರನೆಯ ದಿನ ಕಾರನ್ನು ಆಲಮೇಲದ ಕಡೆಗೇ ತಿರುಗಿಸಿದೆವು. ಭೀಮವ್ವನ ಮನೆಯ ಹಿಂದೆ, ಬೇರೆಯಾಗಿ ಹಾಕಿದ ಚಪ್ಪರದ ಕೆಳಗೆ ಎರಡೂ ಎಮ್ಮೆಗಳು ಇದ್ದವು. ಗುರುಪಾದಪ್ಪ ಬಿಸಿಲಿಗೆ ಕುಳಿತಿದ್ದ. ಜ್ವರ ಇನ್ನೂ ಇತ್ತು, ಗುಳಿಗೆ ಶುರುವಾಗಿತ್ತು. (ಯುಗಾದಿಯ ಹೊತ್ತಿಗೆ ಅವನು ಹೊಲಕ್ಕೆ ಹೋಗತೊಡಗಿದನೆಂದು ಸುಜಾತಾ ಆಮೇಲೆ ತಿಳಿಸಿದಳು.)

ಭೀಮವ್ವ ಹೊರಗೆ ಬಂದು, ಯಾರೂ ಕೇಳುವ ಮೊದಲೇ ಹೇಳಿದಳು: "ಎಲ್ಲಾರ ಮನಿಗೂ ಹೋಗಿ ಹೇಳೇನ್ರಿ ಬಾಯಾರ. ನಮ್ಮ ಮನ್ಯಾಗ ಹಿಂಗ ಬ್ಯಾನಿ ಐತಿ, ನಾ ಕೊಟ್ಟ ಹಾಲು ಹಸೀದ ಕುಡಿದವರು ಡಾಕ್ಟರ್ ಕಡಿ ಹೋಗ್ರಿ ಅಂತ. ಬೈದ್ರು. ಬೈಸಿಕೊಂಡೆ."

ಅವಳು ಮೊದಲು ಹೋಗಿದ್ದು ರೇಣುಕಾಳ ಮನೆಗೆ. ಅವಳ ಅತ್ತೆ ಕಸ್ತೂರಿಬಾಯಿ ಓಣಿಗೆ ಕೇಳುವಂತೆ ಬೈದು, ಸೊಸೆಯನ್ನು ಅಂದೇ ಸಿಂದಗಿಗೆ ಕರೆದೊಯ್ದಿದ್ದಳು. ಹುಡುಗಿಯ ರಕ್ತದಲ್ಲಿ ರೋಗವಿರಲಿಲ್ಲ.

ನಾವು ಮಾತಾಡುತ್ತಿದ್ದಂತೆ ಆ ಕಸ್ತೂರಿಬಾಯಿಯೇ ಒಂದು ಆಡನ್ನು ಎಳೆದುಕೊಂಡು ಬಂದಳು. ಹೊಡೆದಾಟಕ್ಕೇ ಬಂದಳೆಂದು ನಾನು ಹಿಂದೆ ಸರಿದೆ. ಅವಳು ಭೀಮವ್ವನ ಪಕ್ಕದಲ್ಲಿ ನಿಂತು, "ಈಕಿ ಮುಚ್ಚಿಟ್ಟಿದ್ರ ನಮಗ ಹ್ಯಾಂಗ ಗೊತ್ತಾಗ್ತಿತ್ತು? ನಮ್ಮ ಆಡೂ ನೋಡ್ರಿ ಬಾಯಾರ," ಎಂದಳು.

ಅವಳ ಹಿಂದೆ ಓಣಿಯ ತುಂಬ ಜನ. ಆಕಳು, ಎಮ್ಮೆ, ಆಡು ಹಿಡಿದುಕೊಂಡು ಒಬ್ಬೊಬ್ಬರಾಗಿ ಬರುತ್ತಿದ್ದರು. ಸುಜಾತಾ ಗವಸು ಹಾಕಿಕೊಂಡಳು. ಧಾರವಾಡದ ಬಸ್ಸು ಹಿಡಿಯಬೇಕಿದ್ದ ನಾನು ಬ್ಯಾಗನ್ನು ಕಾರಿನಲ್ಲೇ ಬಿಟ್ಟು ಕಸ್ತೂರಿಬಾಯಿಯ ಆಡಿನ ಹಗ್ಗ ಹಿಡಿದು ನಿಂತೆ.